ಕೆಂಪು ರಾಜ್ಯಗಳು, ನೀಲಿ ರಾಜ್ಯಗಳು: ಅಮೆರಿಕೆಯ ಪ್ರಾದೇಶಿಕ ಭೇದಗಳ ಒಂದು ವಿವೇಚನೆ

ಅಮೆರಿಕಾ ಸಂಯುಕ್ತ ಸಂಸ್ಥಾನದ ಅಧ್ಯಕ್ಷ ಚುನಾವಣೆಯ ಫಲಿತಾಂಶ ಪ್ರಕಟವಾದೊಡನೆ ಅಲ್ಲಿಯ ಪತ್ರಿಕೆಗಳಲ್ಲಿ ಎರಡು ಬಣ್ಣಗಳ ಭೂಪಟವೊಂದು ಅಚ್ಚಾಗುತ್ತದೆ. ರಿಪಬ್ಲಿಕನ್ ಪಕ್ಷ ಗೆದ್ದ ರಾಜ್ಯಗಳಿಗೆ ಕೆಂಪು ಬಣ್ಣ, ಡೆಮಾಕ್ರಟಿಕ್ ಪಕ್ಷ ಗೆದ್ದವುಗಳಿಗೆ ನೀಲಿ. ಕೆಂಪು ಎಂದೊಡನೆ ಎಡಪಂಥವನ್ನು ನೆನೆಯುವ ನಮ್ಮ ದೇಶದ ಓದುಗನಿಗೆ ಇದು ವಿಚಿತ್ರವಾಗಿ ತೋರಬಹುದು. ವಾಸ್ತವವಾಗಿ ಈ ಬಣ್ಣಗಳಿಗೆ ಯಾವ ತಾತ್ವಿಕ ಆಧಾರವೂ ಇಲ್ಲ. 2000ದ ಚುನಾವಣೆಯವರೆಗೆ ಅಲ್ಲಿಯ ದೂರದರ್ಶನ ಸಂಸ್ಥೆಗಳು ತಮತಮಗೆ ತೋರಿದಂತೆ ಬಣ್ಣಗಳನ್ನು ಬಳಸುತ್ತಿದ್ದವು. ಆ ವರ್ಷ ಎಣಿಕೆಯ ವಿವಾದ ವಾರಗಟ್ಟಲೆ ಮುಂದುವರಿದು, ಒಂದೇ ಭೂಪಟವನ್ನು ಜನ ದಿನವೂ ನೋಡಬೇಕಾಗಿ ಬಂದುದರಿಂದ ಈ ವಿಂಗಡಣೆ ಸ್ಥಿರವಾಯಿತು. ಅಂದಿನಿಂದ 'ಕೆಂಪು ರಾಜ್ಯ' ಎಂದರೆ ಸಂಪ್ರದಾಯವಾದಿ ರಾಜ್ಯವೆಂದೂ 'ನೀಲಿ ರಾಜ್ಯ' ಎಂದರೆ ಉದಾರವಾದಿ ರಾಜ್ಯವೆಂದೂ ಅರ್ಥ ರೂಢವಾಗಿದೆ.

ಇಲ್ಲಿ ಉದಾರವಾದವೆಂಬ ಶಬ್ದಕ್ಕೆ ಅಮೆರಿಕೆಯಲ್ಲಿ ಸಲ್ಲುವ ಅರ್ಥವನ್ನೇ ಇಟ್ಟುಕೊಳ್ಳಬೇಕು. ತೆರಿಗೆಯನ್ನು ಹೆಚ್ಚಿಸಿಯಾದರೂ ಸರಕಾರವು ಆರೋಗ್ಯ, ವೇತನ, ಪರಿಸರ ಮುಂತಾದ ವಿಷಯಗಳಲ್ಲಿ ಕೈಹಾಕಬೇಕೆನ್ನುವವನು ಅಲ್ಲಿ ಉದಾರವಾದಿ. ತೆರಿಗೆ ಕಡಿಮೆಯಿರಲಿ, ವ್ಯಾಪಾರದ ಮೇಲಿನ ನಿರ್ಬಂಧಗಳು ಸಡಿಲವಿರಲಿ, ಮತಧರ್ಮ ಹಾಗೂ ಕುಟುಂಬದ ಹಳೆಯ ಮರ್ಯಾದೆಗಳು ಉಳಿಯಲಿ ಎನ್ನುವವನು ಸಂಪ್ರದಾಯವಾದಿ. ಯುರೋಪಿನಲ್ಲಿ ಅದೇ ಶಬ್ದಕ್ಕೆ ಬೇರೆ ಅರ್ಥವಿದೆ. ಅದು ಇಲ್ಲಿ ಪ್ರಸ್ತುತವಲ್ಲ.

ಈ ಎರಡು ಬಗೆಯ ಪ್ರದೇಶಗಳ ಆರ್ಥಿಕ ಅಂತರ ಅಲ್ಪವಾದುದಲ್ಲ. ಆ ದೇಶದಲ್ಲಿ ಕೌಂಟಿ ಎಂದು ಕರೆಯಲಾಗುವ, ನಮ್ಮ ಜಿಲ್ಲೆಯನ್ನು ಹೋಲುವ ಆಡಳಿತ ಘಟಕಗಳು ಮೂರು ಸಾವಿರಕ್ಕೂ ಹೆಚ್ಚಿವೆ. 2016ರಲ್ಲಿ ಹಿಲರಿ ಕ್ಲಿಂಟನ್ ಅವರು ಗೆದ್ದುದು ಅವುಗಳಲ್ಲಿ ಐದುನೂರಕ್ಕೂ ಕಡಿಮೆ. ಆದರೆ ದೇಶದ ಒಟ್ಟು ಉತ್ಪಾದನೆಯ ಶೇಕಡಾ 64ರಷ್ಟು ಆ ಕೌಂಟಿಗಳಿಂದಲೇ ಬರುತ್ತಿತ್ತೆಂದು ಬ್ರೂಕಿಂಗ್ಸ್ ಸಂಸ್ಥೆಯ ಅಧ್ಯಯನವು ಲೆಕ್ಕ ಹಾಕಿತು. 2020ರಲ್ಲಿ ಜೋ ಬೈಡನ್ ಅವರು ಗೆದ್ದ ಸುಮಾರು ಐದುನೂರು ಕೌಂಟಿಗಳ ಪಾಲು ಶೇಕಡಾ 71ಕ್ಕೆ ಏರಿತು. ಭೂಪಟವನ್ನು ನೋಡಿದರೆ ದೇಶವೆಲ್ಲ ಕೆಂಪು. ಲೆಕ್ಕದ ಪುಸ್ತಕವನ್ನು ತೆರೆದರೆ ನೀಲಿಯೇ ಹೆಚ್ಚು. ಆಯುಷ್ಯದ ಅಂಕಿಗಳು ಇದಕ್ಕಿಂತ ಕಠೋರವಾಗಿವೆ. 2021ರಲ್ಲಿ ಹವಾಯಿ ರಾಜ್ಯದಲ್ಲಿ ಹುಟ್ಟಿದ ಮಗುವಿನ ನಿರೀಕ್ಷಿತ ಆಯುಷ್ಯಕ್ಕೂ ಮಿಸಿಸಿಪಿಯಲ್ಲಿ ಹುಟ್ಟಿದ ಮಗುವಿನ ನಿರೀಕ್ಷಿತ ಆಯುಷ್ಯಕ್ಕೂ ಸುಮಾರು 9 ವರ್ಷಗಳ ಅಂತರವಿತ್ತು. ಒಂದೇ ಸಂವಿಧಾನ, ಒಂದೇ ನಾಣ್ಯ, ಒಂದೇ ಧ್ವಜದ ಕೆಳಗೆ ಹುಟ್ಟಿದ ಎರಡು ಮಕ್ಕಳ ಮಾತಿದು.

ಈ ಅಂಕಿಗಳನ್ನು ಕಂಡವರು ಸಾಮಾನ್ಯವಾಗಿ ಅವಸರದ ತೀರ್ಮಾನಕ್ಕೆ ಬರುತ್ತಾರೆ. ಉದಾರವಾದದಿಂದ ಸಂಪತ್ತು, ಸಂಪ್ರದಾಯವಾದದಿಂದ ಬಡತನ ಎಂದು ಒಂದು ಪಕ್ಷದವರು ಹೇಳಿದರೆ, ಸಂಪತ್ತಿರುವ ನಗರಗಳು ಹಳ್ಳಿಗಳನ್ನು ಹೀರಿ ಬೆಳೆದಿವೆಯೆಂದು ಇನ್ನೊಂದು ಪಕ್ಷದವರು ವಾದಿಸುತ್ತಾರೆ. ಇತಿಹಾಸವನ್ನು ಸ್ವಲ್ಪ ಹಿಂದಕ್ಕೆ ಸರಿದು ನೋಡಿದರೆ ಎರಡೂ ವಾದಗಳು ನಿಲ್ಲುವುದಿಲ್ಲ. ಏಕೆಂದರೆ ಈ ಅಂತರವು ಇಂದಿನ ರಾಜಕೀಯ ಬಣ್ಣಗಳಿಗಿಂತ ಬಹಳ ಹಳೆಯದು.

ವರ್ಮಾಂಟ್ ಎಂಬ ಪುಟ್ಟ ರಾಜ್ಯವನ್ನು ತೆಗೆದುಕೊಳ್ಳಬಹುದು. ಇಂದು ಅದು ಉದಾರವಾದಿಗಳ ಭದ್ರ ನೆಲೆ. ಆದರೆ 1856ರಿಂದ 1960ರವರೆಗೆ ನಡೆದ ಪ್ರತಿಯೊಂದು ಅಧ್ಯಕ್ಷ ಚುನಾವಣೆಯಲ್ಲಿಯೂ ಅದು ರಿಪಬ್ಲಿಕನ್ ಅಭ್ಯರ್ಥಿಗೇ ಮತ ನೀಡಿತು. 1936ರಲ್ಲಿ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ಅವರು ದೇಶವನ್ನೆಲ್ಲ ಗೆದ್ದಾಗ ಅವರನ್ನು ನಿರಾಕರಿಸಿದ ರಾಜ್ಯಗಳು ಎರಡೇ: ಮೇನ್ ಮತ್ತು ವರ್ಮಾಂಟ್. ಇದಕ್ಕೆ ಪ್ರತಿಯಾಗಿ ಪಶ್ಚಿಮ ವರ್ಜೀನಿಯಾದ ಕಲ್ಲಿದ್ದಲು ಗಣಿಗಳ ಕಾರ್ಮಿಕರು ತಲೆಮಾರುಗಳ ಕಾಲ ಡೆಮಾಕ್ರಟಿಕ್ ಪಕ್ಷದ ಬೆನ್ನೆಲುಬಾಗಿದ್ದರು. 1980ರಲ್ಲಿ ರೊನಾಲ್ಡ್ ರೇಗನ್ ಅವರ ಪ್ರವಾಹ ದೇಶವನ್ನೆಲ್ಲ ಆವರಿಸಿದಾಗಲೂ ಆ ರಾಜ್ಯ ಜಿಮ್ಮಿ ಕಾರ್ಟರ್ ಅವರ ಕೈಬಿಡಲಿಲ್ಲ. 2000ದಲ್ಲಿ ಅದು ಪಕ್ಷ ಬದಲಿಸಿತು. 2020ರಲ್ಲಿ ಶೇಕಡಾ 68ಕ್ಕೂ ಹೆಚ್ಚು ಮತಗಳನ್ನು ಡೊನಾಲ್ಡ್ ಟ್ರಂಪ್ ಅವರಿಗಿತ್ತಿತು. ಕ್ಯಾಲಿಫೋರ್ನಿಯಾ 1968ರಿಂದ 1988ರವರೆಗಿನ ಆರು ಚುನಾವಣೆಗಳಲ್ಲಿಯೂ ರಿಪಬ್ಲಿಕನ್ ರಾಜ್ಯವಾಗಿತ್ತೆಂದರೆ ಇಂದಿನ ತರುಣರು ನಂಬಲಾರರು.

ಪಶ್ಚಿಮ ವರ್ಜೀನಿಯಾದ ಪರಿವರ್ತನೆಯ ಹಿಂದೆ ದೊಡ್ಡದೊಂದು ನೋವಿದೆ. 1950ರ ಸುಮಾರಿಗೆ ಅಲ್ಲಿಯ ಗಣಿಗಳಲ್ಲಿ ಲಕ್ಷಕ್ಕೂ ಮೀರಿ ಜನ ದುಡಿಯುತ್ತಿದ್ದರು. ಕಲ್ಲಿದ್ದಲನ್ನು ಕೊರೆದು ತುಂಬುವ ಯಂತ್ರಗಳು ಬಂದವು. ಮುಂದೆ ಗುಡ್ಡದ ತಲೆಯನ್ನೇ ಸಿಡಿಸಿ ಕಲ್ಲಿದ್ದಲು ತೆಗೆಯುವ ಪದ್ಧತಿ ಬಂದಿತು. ಅನಂತರ ಅಗ್ಗದ ನೈಸರ್ಗಿಕ ಅನಿಲದ ಪೈಪೋಟಿ. ಇಂದು ಗಣಿ ಕಾರ್ಮಿಕರ ಸಂಖ್ಯೆ ಇಪ್ಪತ್ತು ಸಾವಿರವನ್ನೂ ಮುಟ್ಟುವುದಿಲ್ಲ. 1950ರಲ್ಲಿ 20 ಲಕ್ಷವಿದ್ದ ಜನಸಂಖ್ಯೆ 2020ರ ಗಣತಿಯಲ್ಲಿ 18 ಲಕ್ಷಕ್ಕಿಂತಲೂ ಕೆಳಗಿಳಿದಿತ್ತು. ಉದ್ಯೋಗಗಳಲ್ಲಿ ಬಹುಪಾಲು ಕಳೆದುಹೋದುದು ಪರಿಸರ ಕಾನೂನುಗಳು ಬರುವುದಕ್ಕೆ ಮೊದಲೇ, ಯಂತ್ರಗಳಿಂದ. ಆದರೆ ಯಂತ್ರಕ್ಕೆ ವಿರುದ್ಧವಾಗಿ ಮತ ಹಾಕಲು ಯಾರಿಗೂ ಸಾಧ್ಯವಿಲ್ಲ. ಕಾನೂನು ಮಾಡಿದವರಿಗೆ ವಿರುದ್ಧವಾಗಿ ಹಾಕಬಹುದು. ನಗರದ ವಿದ್ಯಾವಂತರು ತಮ್ಮ ಕಸುಬನ್ನು ಕೊಳಕೆಂದು ಕರೆಯುತ್ತಿದ್ದಾರೆಂಬ ಭಾವನೆಯೂ ಅದಕ್ಕೆ ಕೂಡಿಕೊಂಡಿತು. ಆ ಭಾವನೆಯನ್ನು ಅಜ್ಞಾನವೆಂದು ತಳ್ಳಿಹಾಕುವವರು ರಾಜಕೀಯವನ್ನು ಅರಿತವರಲ್ಲ.

ದಕ್ಷಿಣದ ರಾಜ್ಯಗಳ ಕಥೆ ಇನ್ನೂ ದೀರ್ಘವಾದುದು, ಇನ್ನೂ ಆಳವಾದುದು. ಅದರ ಮೂಲವನ್ನು ಶಾಲೆಯ ಹೊಸ್ತಿಲಲ್ಲಿಯೇ ಹುಡುಕಬೇಕು.

ಉತ್ತರದ ಮ್ಯಾಸಚೂಸೆಟ್ಸ್ ವಸಾಹತು 1647ರಷ್ಟು ಹಿಂದೆಯೇ ಐವತ್ತು ಮನೆಗಳಿರುವ ಪ್ರತಿ ಊರೂ ಓದುಬರಹ ಕಲಿಸುವ ಒಬ್ಬ ಉಪಾಧ್ಯಾಯನನ್ನು ನೇಮಿಸಬೇಕೆಂದೂ, ನೂರು ಮನೆಗಳಾದರೆ ಮೇಲಿನ ತರಗತಿಯ ಶಾಲೆಯೊಂದನ್ನು ತೆರೆಯಬೇಕೆಂದೂ ವಿಧಿಸಿತ್ತು. ಆ ನಿಯಮದ ಉದ್ದೇಶ ಧಾರ್ಮಿಕವಾದುದು: ಮಕ್ಕಳು ಬೈಬಲನ್ನು ತಾವೇ ಓದುವಂತಾಗಬೇಕೆಂಬುದು. ಇಂದು ಉದಾರವಾದದ ತೌರೆನಿಸಿದ ರಾಜ್ಯದ ವಿದ್ಯಾಸಂಪತ್ತಿಗೆ ಅಡಿಪಾಯ ಹಾಕಿದವರು ಅತ್ಯಂತ ಕಟ್ಟುನಿಟ್ಟಿನ ಮತಾಚರಣೆಯ ಜನ ಎಂಬುದು ಗಮನಿಸತಕ್ಕ ಸಂಗತಿ. 1852ರಲ್ಲಿ ಇದೇ ರಾಜ್ಯ ಕಡ್ಡಾಯ ಹಾಜರಾತಿಯ ಶಾಸನವನ್ನು ಎಲ್ಲರಿಗಿಂತ ಮೊದಲು ತಂದಿತು. ಎಲ್ಲರಿಗಿಂತ ಕೊನೆಗೆ ತಂದ ರಾಜ್ಯ ಮಿಸಿಸಿಪಿ, 1918ರಲ್ಲಿ. ನಡುವೆ ಅರವತ್ತಾರು ವರ್ಷಗಳು.

ಈ ವಿಳಂಬಕ್ಕೆ ಕಾರಣ ಗುಲಾಮಗಿರಿ. 1860ರಲ್ಲಿ ಮಿಸಿಸಿಪಿಯ ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗುಲಾಮರು. ಗುಲಾಮರಿಗೆ ಅಕ್ಷರ ಕಲಿಸುವುದನ್ನು ದಕ್ಷಿಣದ ಹಲವು ರಾಜ್ಯಗಳು ಅಪರಾಧವೆಂದು ಘೋಷಿಸಿದ್ದವು. ಹತ್ತಿಯ ಬೆಳೆಗೆ ಬೇಕಾದುದು ಕೈಗಳು. ಓದು ಆ ವ್ಯವಸ್ಥೆಗೆ ಅಪಾಯ. ಅಕ್ಷರವಿಲ್ಲದ ದುಡಿಮೆಯ ಮೇಲೆ ನಿಂತ ಅರ್ಥವ್ಯವಸ್ಥೆ ಬಡ ಬಿಳಿಯರ ಮಕ್ಕಳಿಗೂ ಒಳ್ಳೆಯ ಶಾಲೆ ಕಟ್ಟಲಿಲ್ಲ. 1862ರಲ್ಲಿ, ಅಂತರ್ಯುದ್ಧದ ನಡುವೆ, ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರು ಮೊರಿಲ್ ಕಾಯಿದೆಗೆ ಸಹಿ ಹಾಕಿದರು. ಕೇಂದ್ರ ಸರಕಾರದ ಭೂಮಿಯನ್ನು ರಾಜ್ಯಗಳಿಗೆ ಕೊಟ್ಟು, ಅದರ ಆದಾಯದಿಂದ ಕೃಷಿ ಮತ್ತು ಯಂತ್ರವಿದ್ಯೆಯ ಕಾಲೇಜುಗಳನ್ನು ನಡೆಸುವ ಯೋಜನೆ ಅದು. ದಕ್ಷಿಣದ ಸದಸ್ಯರು ಸಂಸತ್ತನ್ನು ಬಿಟ್ಟುಹೋಗಿದ್ದುದರಿಂದಲೇ ಅದು ಅಷ್ಟು ಸುಲಭವಾಗಿ ಅಂಗೀಕಾರವಾಯಿತೆಂಬುದನ್ನು ಮರೆಯಲಾಗದು.

ಫಲಿತಾಂಶವನ್ನು 1938ರ ವರದಿಯೊಂದು ಅಂಕಿಗಳಲ್ಲಿ ಹೇಳಿತು. ದಕ್ಷಿಣವು ರಾಷ್ಟ್ರದ ಪ್ರಥಮ ಆರ್ಥಿಕ ಸಮಸ್ಯೆಯೆಂದು ರೂಸ್‌ವೆಲ್ಟ್ ಅವರು ಸಾರಿದ ವರ್ಷವದು. 1937ರಲ್ಲಿ ದಕ್ಷಿಣದ ತಲಾ ಆದಾಯ 314 ಡಾಲರು, ದೇಶದ ಉಳಿದ ಭಾಗದಲ್ಲಿ 604 ಡಾಲರು. ದಕ್ಷಿಣದ ಅತ್ಯಂತ ಸಿರಿವಂತ ರಾಜ್ಯವೂ ಹೊರಗಿನ ಅತ್ಯಂತ ಬಡ ರಾಜ್ಯಕ್ಕಿಂತ ಹಿಂದಿತ್ತು. ಇಲ್ಲಿ ಮುಖ್ಯವಾದ ಅಂಶವೊಂದಿದೆ: ಆಗ ದಕ್ಷಿಣವೆಲ್ಲ ಡೆಮಾಕ್ರಟಿಕ್ ಪಕ್ಷದ ಕೈಯಲ್ಲಿತ್ತು! ಪಕ್ಷದ ಹೆಸರು ಯಾವುದಿದ್ದರೂ ಬಡತನ ಅಲ್ಲಿಯೇ ಇತ್ತು. 1964ರಲ್ಲಿ ನಾಗರಿಕ ಹಕ್ಕುಗಳ ಕಾಯಿದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಸಹಿ ಹಾಕಿದರು. ಅದೇ ವರ್ಷದ ಚುನಾವಣೆಯಲ್ಲಿ ಆ ಕಾಯಿದೆಯನ್ನು ವಿರೋಧಿಸಿದ್ದ ರಿಪಬ್ಲಿಕನ್ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಅವರು ಗೆದ್ದುದು ತಮ್ಮ ಸ್ವಂತ ಅರಿಜೋನಾವನ್ನೂ ಆಳದ ದಕ್ಷಿಣದ ಐದು ರಾಜ್ಯಗಳನ್ನೂ ಮಾತ್ರ. ಬಣ್ಣ ಬದಲಾಗಲು ಆರಂಭವಾದುದು ಹೀಗೆ.

ಎರಡನೆಯ ಮಹಾಯುದ್ಧದ ನಂತರ ದಕ್ಷಿಣ ವೇಗವಾಗಿ ಮೇಲೇರಿತು. ಟೆನೆಸಿ ಕಣಿವೆಯ ವಿದ್ಯುತ್ತು, ಸೈನ್ಯದ ನೆಲೆಗಳು, ಹವಾನಿಯಂತ್ರಣ ಯಂತ್ರ, ಹೆದ್ದಾರಿಗಳು ಇದಕ್ಕೆ ನೆರವಾದವು. 1947ರ ಟ್ಯಾಫ್ಟ್-ಹಾರ್ಟ್ಲಿ ಕಾಯಿದೆಯು, ಕಾರ್ಮಿಕ ಸಂಘಕ್ಕೆ ಸೇರುವಂತೆ ಅಥವಾ ಚಂದಾ ಕೊಡುವಂತೆ ಯಾವ ನೌಕರನನ್ನೂ ಕಡ್ಡಾಯಪಡಿಸಬಾರದೆಂಬ ನಿಯಮವನ್ನು ಮಾಡಲು ರಾಜ್ಯಗಳಿಗೆ ಅವಕಾಶ ನೀಡಿತು. ಇಂದು 26 ರಾಜ್ಯಗಳಲ್ಲಿ ಅಂಥ ನಿಯಮವಿದೆ; ದಕ್ಷಿಣವೆಲ್ಲ ಬಹುತೇಕ ಅದರೊಳಗಿದೆ. ಸಂಘಗಳ ಬಲ ಕಡಿಮೆ, ಕೂಲಿ ಕಡಿಮೆ, ತೆರಿಗೆ ಕಡಿಮೆ ಎಂದು ಉತ್ತರದ ಬಟ್ಟೆ ಗಿರಣಿಗಳು ಕೆರೊಲಿನಾಗಳಿಗೆ ಬಂದವು. ಮುಂದೆ ಟೆನೆಸಿಗೆ ನಿಸಾನ್, ದಕ್ಷಿಣ ಕೆರೊಲಿನಾಗೆ ಬಿಎಂಡಬ್ಲ್ಯು, ಅಲಬಾಮಾಗೆ ಮರ್ಸಿಡಿಸ್ ಕಾರ್ಖಾನೆಗಳು ಬಂದವು. ಆದಾಯದ ಅಂತರ 1980ರ ಸುಮಾರಿನವರೆಗೆ ಕಿರಿದಾಗುತ್ತಲೇ ಹೋಯಿತು.

ಅನಂತರ ಆ ಗತಿ ನಿಂತಿತು. ಅಗ್ಗದ ಕೂಲಿಯನ್ನು ಹುಡುಕಿ ದಕ್ಷಿಣಕ್ಕೆ ಬಂದ ಬಟ್ಟೆ ಗಿರಣಿಗಳು ಅದೇ ಕಾರಣಕ್ಕೆ ದೇಶವನ್ನೇ ಬಿಟ್ಟು ಹೋದವು. ಇತ್ತ ಗಣಕಯಂತ್ರ, ಔಷಧ ಸಂಶೋಧನೆ, ಹಣಕಾಸು ಮುಂತಾದ ಹೊಸ ಉದ್ಯಮಗಳು ವಿಶ್ವವಿದ್ಯಾಲಯಗಳ ಸುತ್ತ ಬೆಳೆದವು. ಮ್ಯಾಸಚೂಸೆಟ್ಸಿನ ವಯಸ್ಕರಲ್ಲಿ ಶೇಕಡಾ 45ಕ್ಕೂ ಹೆಚ್ಚು ಮಂದಿ ಪದವೀಧರರು. ಪಶ್ಚಿಮ ವರ್ಜೀನಿಯಾದಲ್ಲಿ ಸುಮಾರು ಕಾಲು ಭಾಗ ಮಾತ್ರ. ಬೆಂಗಳೂರಿನಿಂದಲೂ ಮೈಸೂರಿನಿಂದಲೂ ಹೊರಟ ನಮ್ಮ ಎಂಜಿನಿಯರುಗಳು ಮೊದಲು ನೆಲೆಸಿದುದು ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಗಳಂಥ ಕಡೆಗಳಲ್ಲಿ ಏಕೆಂಬುದಕ್ಕೂ ಉತ್ತರ ಇದರಲ್ಲಿಯೇ ಇದೆ. ಪದವೀಧರರು ಒಂದೆಡೆ ಸೇರತೊಡಗಿದಂತೆ ಅವರ ರಾಜಕೀಯವೂ ಒಂದೆಡೆ ಸೇರಿತು. ಹೀಗಾಗಿ ಇಂದಿನ ಗಡಿರೇಖೆ ರಾಜ್ಯ ರಾಜ್ಯಗಳ ನಡುವೆ ಇರುವುದಕ್ಕಿಂತ ಹೆಚ್ಚಾಗಿ ನಗರಕ್ಕೂ ಗ್ರಾಮಕ್ಕೂ ನಡುವೆ ಇದೆ. ಸಂಪ್ರದಾಯವಾದಿ ಟೆಕ್ಸಾಸಿನ ರಾಜಧಾನಿ ಆಸ್ಟಿನ್ ಉದಾರವಾದಿ ನಗರ. ಕ್ಯಾಲಿಫೋರ್ನಿಯಾದ ಮಧ್ಯ ಕಣಿವೆಯ ಹೊಲತೋಟಗಳ ನಡುವೆ ಸಂಪ್ರದಾಯವಾದಿಗಳೇ ಬಹಳ. ಮಿಸಿಸಿಪಿಯಲ್ಲಿಯೂ ಕಪ್ಪುಜನರು ಬಹುಸಂಖ್ಯಾತರಾಗಿರುವ ಡೆಲ್ಟಾ ಕೌಂಟಿಗಳು ಪ್ರತಿ ಚುನಾವಣೆಯಲ್ಲಿಯೂ ನೀಲಿಯಾಗಿಯೇ ಉಳಿಯುತ್ತವೆ; ಆ ರಾಜ್ಯದ ಅತ್ಯಂತ ಬಡ ಪ್ರದೇಶವೂ ಅದೇ.

ಉದಾರವಾದಿ ಸಿರಿತನದ ದೋಷವನ್ನೂ ಕಾಣಬೇಕು. ಕ್ಯಾಲಿಫೋರ್ನಿಯಾ ಶ್ರೀಮಂತ ರಾಜ್ಯ. ಆದರೆ ಮನೆಯ ಖರ್ಚನ್ನೂ ಸೇರಿಸಿ ಬಡತನವನ್ನು ಅಳೆಯುವ ಅಲ್ಲಿಯ ಗಣತಿ ಇಲಾಖೆಯ ಪೂರಕ ಮಾನದಂಡದ ಪ್ರಕಾರ ಅತಿ ಹೆಚ್ಚು ಬಡತನವಿರುವ ರಾಜ್ಯಗಳ ಸಾಲಿನಲ್ಲಿ ಅದು ತುದಿಗೇ ನಿಲ್ಲುತ್ತ ಬಂದಿದೆ. ದೇಶದ ಜನಸಂಖ್ಯೆಯಲ್ಲಿ ಅದರ ಪಾಲು ಎಂಟನೆಯ ಒಂದು ಭಾಗ. ವಸತಿಹೀನರಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ. ಹೊಸ ಮನೆ ಕಟ್ಟಲು ಅಡ್ಡಬರುವ ನಿಯಮಗಳ ಜಾಲ ಇದಕ್ಕೆ ಮುಖ್ಯ ಕಾರಣ. ಜೊತೆಗೆ 1978ರಲ್ಲಿ ಮತದಾರರೇ ಅಂಗೀಕರಿಸಿದ 13ನೆಯ ಪ್ರಸ್ತಾವವು ಆಸ್ತಿ ತೆರಿಗೆಯನ್ನು ಬೆಲೆಯ ಶೇಕಡಾ 1ಕ್ಕೆ ಮಿತಿಗೊಳಿಸಿ, ಹಳೆಯ ಮನೆಯೊಡೆಯನಿಗೆ ಕವಚವನ್ನೂ ಹೊಸಬನಿಗೆ ಗೋಡೆಯನ್ನೂ ಕಟ್ಟಿತು. ಬಡವರ ಪರವಾಗಿ ಮಾತನಾಡುವ ಊರಿನಲ್ಲಿ ಬಡವನಿಗೆ ಬಾಡಿಗೆ ಮನೆ ಸಿಗದು! 2020ರ ಗಣತಿಯ ನಂತರ ಕ್ಯಾಲಿಫೋರ್ನಿಯಾ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಪ್ರತಿನಿಧಿ ಸಭೆಯ ಒಂದು ಸ್ಥಾನವನ್ನು ಕಳೆದುಕೊಂಡಿತು. ಆದಾಯ ತೆರಿಗೆಯಿಲ್ಲದ, ಮನೆ ಅಗ್ಗವಾಗಿರುವ ಟೆಕ್ಸಾಸ್ ಎರಡು ಸ್ಥಾನಗಳನ್ನು ಗಳಿಸಿತು. ಅದೇ ಟೆಕ್ಸಾಸ್, ಕೇಂದ್ರದ ನಿಯಂತ್ರಣವನ್ನು ತಪ್ಪಿಸಿಕೊಳ್ಳಲೆಂದು ತನ್ನ ವಿದ್ಯುತ್ ಜಾಲವನ್ನು ಪ್ರತ್ಯೇಕವಾಗಿ ಇಟ್ಟುಕೊಂಡುದರ ಬೆಲೆಯನ್ನು 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ತೆತ್ತಿತು. ರಾಜ್ಯದ ಅಧಿಕೃತ ಲೆಕ್ಕದಂತೆ 246 ಮಂದಿ ಆಗ ಮಡಿದರು.

ಮತದಾರನು ತನ್ನ ಪಕ್ಷದ ಆರ್ಥಿಕ ಸೂತ್ರಗಳಿಗೆ ಕಟ್ಟುಬಿದ್ದಿರುತ್ತಾನೆಂದು ಭಾವಿಸುವುದೂ ತಪ್ಪೇ. ಕೇಂದ್ರದ ಕನಿಷ್ಠ ವೇತನ 2009ರಿಂದ ಗಂಟೆಗೆ ಏಳೂಕಾಲು ಡಾಲರಿನಲ್ಲಿಯೇ ನಿಂತಿದೆ. ಮಿಸಿಸಿಪಿ, ಅಲಬಾಮಾ ಮೊದಲಾದ ಐದು ರಾಜ್ಯಗಳಿಗೆ ತಮ್ಮದೇ ಆದ ಕನಿಷ್ಠ ವೇತನ ಶಾಸನವೇ ಇಲ್ಲ. ಆದರೆ ಫ್ಲಾರಿಡಾದ ಮತದಾರರು 2020ರಲ್ಲಿ ಟ್ರಂಪ್ ಅವರನ್ನು ಗೆಲ್ಲಿಸಿದ ಮತಪತ್ರದಲ್ಲಿಯೇ ಕನಿಷ್ಠ ವೇತನವನ್ನು ಹಂತಹಂತವಾಗಿ 15 ಡಾಲರಿಗೆ ಏರಿಸುವ ಪ್ರಸ್ತಾವಕ್ಕೂ ಶೇಕಡಾ 60ಕ್ಕಿಂತ ಹೆಚ್ಚು ಬೆಂಬಲ ಕೊಟ್ಟರು. 2010ರ ಆರೋಗ್ಯ ಕಾಯಿದೆಯಂತೆ ಬಡವರ ವೈದ್ಯಕೀಯ ನೆರವನ್ನು ವಿಸ್ತರಿಸುವುದು ರಾಜ್ಯಗಳ ಇಚ್ಛೆಗೆ ಬಿಟ್ಟದ್ದೆಂದು 2012ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಹಲವು ಕೆಂಪು ರಾಜ್ಯಗಳ ಶಾಸನ ಸಭೆಗಳು ನಿರಾಕರಿಸಿದವು. ಐಡಾಹೊ, ಯೂಟಾ, ನೆಬ್ರಾಸ್ಕಾ, ಒಕ್ಲಹೋಮಾ, ಮಿಸೌರಿ, ದಕ್ಷಿಣ ಡಕೋಟಾ ರಾಜ್ಯಗಳಲ್ಲಿ ಜನರೇ ನೇರ ಮತದಾನದಿಂದ ಅದನ್ನು ಅಂಗೀಕರಿಸಿದರು. ಮಿಸಿಸಿಪಿ ಇನ್ನೂ ಅಂಗೀಕರಿಸಿಲ್ಲ.

ಹಾಗಾದರೆ ಬಡ ಸಂಪ್ರದಾಯವಾದಿ ರಾಜ್ಯದ ಭವಿಷ್ಯ ಮುಚ್ಚಿದ ಬಾಗಿಲೆ? ಮತ್ತೆ ಮಿಸಿಸಿಪಿಯ ಶಾಲೆಗೇ ಹೋಗಬೇಕು. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು 1954ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಾಗ, ಕಪ್ಪು ಮಕ್ಕಳೊಡನೆ ತಮ್ಮ ಮಕ್ಕಳನ್ನು ಕೂರಿಸುವುದಕ್ಕಿಂತ ಕಡ್ಡಾಯ ಶಿಕ್ಷಣವನ್ನೇ ತೊರೆಯುವುದು ಲೇಸೆಂದು ಆ ರಾಜ್ಯ 1956ರಲ್ಲಿ ಹಾಜರಾತಿ ಕಾಯಿದೆಯನ್ನು ರದ್ದುಪಡಿಸಿತು. ತನ್ನ ಕಣ್ಣನ್ನು ತಾನೇ ಚುಚ್ಚಿಕೊಂಡ ಕೃತ್ಯವದು. 1982ರಲ್ಲಿ ರಾಜ್ಯಪಾಲ ವಿಲಿಯಂ ವಿಂಟರ್ ಅವರ ಪ್ರಯತ್ನದಿಂದ ಬಂದ ಶಿಕ್ಷಣ ಸುಧಾರಣಾ ಕಾಯಿದೆ ಕಡ್ಡಾಯ ಹಾಜರಾತಿಯನ್ನು ಬಲಪಡಿಸಿ, ಸರಕಾರಿ ಶಿಶುವಿಹಾರಗಳಿಗೂ ದಾರಿ ತೆರೆಯಿತು. 2000ದಲ್ಲಿ ಗಣಕೋದ್ಯಮದಲ್ಲಿ ಹಣ ಗಳಿಸಿದ್ದ ಅದೇ ನಾಡಿನ ಜಿಮ್ ಬಾರ್ಕ್ಸ್‌ಡೇಲ್ ಮತ್ತು ಅವರ ಪತ್ನಿ ಸ್ಯಾಲಿ ಅವರು ಚಿಕ್ಕ ಮಕ್ಕಳ ಓದಿನ ಶಿಕ್ಷಣಕ್ಕೆಂದು 10 ಕೋಟಿ ಡಾಲರುಗಳ ದಾನವಿತ್ತರು. ಆ ಹಣದಿಂದ ಕಟ್ಟಡಗಳೇಳಲಿಲ್ಲ. ಉಪಾಧ್ಯಾಯರಿಗೆ ಓದು ಕಲಿಸುವ ಕ್ರಮವನ್ನೇ ಕಲಿಸುವ ಸಂಸ್ಥೆಯೊಂದು ಹುಟ್ಟಿತು.

2013ರಲ್ಲಿ, ರಿಪಬ್ಲಿಕನ್ ಆಡಳಿತದಲ್ಲಿ, ಮಿಸಿಸಿಪಿ ಹೊಸ ಓದು ಕಾಯಿದೆಯನ್ನು ತಂದಿತು. ಅಕ್ಷರ ಹಾಗೂ ಧ್ವನಿಗಳ ಸಂಬಂಧವನ್ನು ಕ್ರಮಬದ್ಧವಾಗಿ ಕಲಿಸತಕ್ಕದ್ದು. ಹಿಂದುಳಿದ ಶಾಲೆಗಳಿಗೆ ಅನುಭವಿ ಮಾರ್ಗದರ್ಶಕರನ್ನು ಕಳಿಸತಕ್ಕದ್ದು. ವರ್ಷಕ್ಕೆ ಹಲವು ಬಾರಿ ಮಕ್ಕಳನ್ನು ಪರೀಕ್ಷಿಸಿ ತಂದೆತಾಯಿಗಳಿಗೆ ತಿಳಿಸತಕ್ಕದ್ದು. ಮೂರನೆಯ ತರಗತಿಯ ಕೊನೆಗೆ ಓದಲಾರದ ಮಗುವನ್ನು ಮುಂದಕ್ಕೆ ತಳ್ಳದೆ ಅಲ್ಲಿಯೇ ಉಳಿಸಿಕೊಂಡು ಕಲಿಸತಕ್ಕದ್ದು. ಈ ಕೊನೆಯ ನಿಯಮ ಕ್ರೂರವೆಂದು ಆಕ್ಷೇಪಿಸಿದವರಿದ್ದಾರೆ, ಆ ಆಕ್ಷೇಪಣೆ ಹುರುಳಿಲ್ಲದುದೂ ಅಲ್ಲ. ಆದರೆ ನಾಲ್ಕನೆಯ ತರಗತಿಯ ಮಕ್ಕಳ ರಾಷ್ಟ್ರೀಯ ಓದು ಪರೀಕ್ಷೆಯಲ್ಲಿ 2013ರಲ್ಲಿ 49ನೆಯ ಸ್ಥಾನದಲ್ಲಿದ್ದ ಮಿಸಿಸಿಪಿ 2024ರಲ್ಲಿ 9ನೆಯ ಸ್ಥಾನಕ್ಕೆ ಬಂದಿತು. ಸಿರಿವಂತ ಕ್ಯಾಲಿಫೋರ್ನಿಯಾ ಅದರ ಹಿಂದೆ ಉಳಿಯಿತು. ಇದನ್ನು ಯಾವ ಪಕ್ಷದ ವಿಜಯವೆಂದು ಬರೆದುಕೊಳ್ಳುವುದು? ಡೆಮಾಕ್ರಟ್ ರಾಜ್ಯಪಾಲರೊಬ್ಬರ ಶಾಸನ, ಒಬ್ಬ ಉದ್ಯಮಿಯ ದಾನ, ರಿಪಬ್ಲಿಕನ್ ಶಾಸನ ಸಭೆಯ ಕಟ್ಟುಪಾಡು, ಎಲ್ಲಕ್ಕೂ ಮಿಗಿಲಾಗಿ ಕಡಿಮೆ ಸಂಬಳದ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯರ ದುಡಿಮೆ, ನಲವತ್ತು ವರ್ಷಗಳ ಕಾಲ ಒಂದರ ಮೇಲೊಂದು ಕೂಡಿದ ಫಲವಿದು.

ಎಂಟನೆಯ ತರಗತಿಯ ಮಕ್ಕಳಲ್ಲಿ ಈ ಪ್ರಗತಿ ಇನ್ನೂ ಅಷ್ಟಾಗಿ ಕಾಣಿಸಿಕೊಂಡಿಲ್ಲ. ಅವರ ಓದು ರಾಷ್ಟ್ರದ ಸರಾಸರಿಗಿಂತ ಕೆಳಗೇ ಇದೆ. ಕಲಿತವರು ನಿಲ್ಲಲು ತಕ್ಕ ಉದ್ಯೋಗಗಳೂ ಸಾಲದು. ಪದವಿ ಪಡೆದ ತರುಣರು ಅಟ್ಲಾಂಟಾಕ್ಕೋ ಡಲ್ಲಾಸಿಗೋ ಹೊರಡುತ್ತಾರೆ. ದೇಶದ ಜನಸಂಖ್ಯೆ ಬೆಳೆದ 2010ರಿಂದ 2020ರ ದಶಕದಲ್ಲಿ ಮಿಸಿಸಿಪಿಯ ಜನಸಂಖ್ಯೆ ಸುಮಾರು ಆರು ಸಾವಿರದಷ್ಟು ಇಳಿಯಿತು. 2013ರ ಕಾಯಿದೆಯಡಿ ಮೊದಲು ಓದಲು ಕಲಿತ ಮಕ್ಕಳು ಈಗ ಪ್ರೌಢಶಾಲೆಯನ್ನು ದಾಟಿ ಹೊರಬರುತ್ತಿದ್ದಾರೆ. ಅವರಲ್ಲಿ ಎಷ್ಟು ಮಂದಿ ಡೆಲ್ಟಾದ ಊರುಗಳಲ್ಲಿ ಉಳಿಯುವರೆಂಬುದು 2030ರ ಗಣತಿಯಲ್ಲಿ ಕಾಣಬೇಕಾದ ಸಂಗತಿ.